ಮೂರನೇ ಅಧ್ಯಾಯದಲ್ಲಿ ನಮ್ಮಣ್ಣ

ಪುಸ್ತಕ ವಿಮರ್ಶೆ ಬರೆಯಲು ಕೂತರೆ ಕೈ ಬೆವರುತ್ತದೆ ಎಂದರೆ ನಂಬುತ್ತೀರಾ? ನನಗೆ ಬೆವರಿತು.

ಮಂಡ್ಯದ ಕಾಲೇಜಿನಲ್ಲಿ ಇಷ್ಟು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ್ದೇನೆ. ಎಷ್ಟೋ ಹೊಸ ಸಂಶೋಧನೆಗಳ ಬಗ್ಗೆ ಬರೆದಿದ್ದೇನೆ. ಅವುಗಳಲ್ಲಿ ಬರುವ ಅಧಿಕಾರಸ್ಥರೆಲ್ಲ ದೂರದವರು. ಈ ಸಲ ಬಂದದ್ದು ನಮ್ಮಣ್ಣ.

ಗ್ರಾಮ ಪಂಚಾಯ್ತಿಯ ಮೀಸಲಾತಿಯಲ್ಲಿ ಕುರ್ಚಿ ಸಿಕ್ಕವರಿಗೆ ಅಧಿಕಾರವೂ ಸಿಕ್ಕಿತೇ? ಇದು ಪುಸ್ತಕದ ಪ್ರಶ್ನೆ. ಬರೆದವಳು ನನ್ನ ಹಳೆಯ ವಿದ್ಯಾರ್ಥಿನಿ ರಮ್ಯಾ, ಮಳವಳ್ಳಿ ಕಡೆಯ ನನ್ನ ತವರೂರಿನವಳೇ. ನಿಮ್ಮ ಕಡೆಯದೇ ವಿಷಯ, ನೀವೇ ಬರೆಯಿರಿ ಎಂದು ಪತ್ರಿಕೆಯ ಸಂಪಾದಕರು ಕಳಿಸಿದ್ದರು. (ಎಷ್ಟರಮಟ್ಟಿಗೆ ನಮ್ಮ ಕಡೆಯದು ಎಂದು ಪಾಪ, ಅವರಿಗೇನು ಗೊತ್ತು?)

ಮೂರನೇ ಅಧ್ಯಾಯದಲ್ಲಿ ಒಬ್ಬ ಅಧ್ಯಕ್ಷೆ ಬರುತ್ತಾಳೆ. ತೀರ್ಮಾನವಾಗುವುದು ಪಂಚಾಯ್ತಿ ಆಫೀಸಿನಲ್ಲಲ್ಲ, ಊರಿನ ದೊಡ್ಡ ಮನೆಯ ಜಗಲಿಯಲ್ಲಿ. ಮನೆಯ ಹಿರಿಯರು ಕುರ್ಚಿಯಲ್ಲಿ. ಅಧ್ಯಕ್ಷೆ ನಿಂತುಕೊಂಡೇ ಸಹಿ ಹಾಕುತ್ತಾಳೆ. ಹೆಸರುಗಳನ್ನು ರಮ್ಯಾ ಬದಲಾಯಿಸಿದ್ದಾಳೆ, ನಿಜ. ಆದರೆ ಆ ಜಗಲಿಯಲ್ಲೇ ಆಡಿ ಬೆಳೆದ ನನಗೆ ಗುರುತು ಸಿಗದೇ? ಅಧ್ಯಕ್ಷೆ ರಮ್ಯಾಳ ಅವ್ವ. ಹಿರಿಯರು ನನ್ನ ಅಣ್ಣ.

ಪುಸ್ತಕ ಚೆನ್ನಾಗಿತ್ತು. ತೊಂದರೆಯಾದದ್ದೇ ಅದರಿಂದ.

ವಿಮರ್ಶೆ ಬರೆಯದೆ ಪುಸ್ತಕ ವಾಪಸ್ ಕಳಿಸಿಬಿಡುತ್ತೇನೆ ಎಂದು ಹೇಳಲು ರಮ್ಯಾಗೆ ಫೋನ್ ಮಾಡಿದೆ. ಪುಸ್ತಕ ಬಂದ ಮೇಲೆ ಊರಲ್ಲಿ ಅವ್ವನನ್ನು ಕೆಲವರು ಮಾತಾಡಿಸುತ್ತಿಲ್ಲ ಎಂದಳು. ಆಮೇಲೆ, "ಚೆನ್ನಾಗಿಲ್ಲ ಅನ್ಸಿದ್ರೆ ಹಂಗೇ ಬರೀರಿ ಮೇಡಂ. ಬರೀದೆ ಮಾತ್ರ ಇರಬೇಡಿ" ಎಂದಳು.

ಅಣ್ಣನಿಗೆ ಹೇಳದೆ ಹೇಗೆ ಬರೆಯಲಿ? ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಊರಿಗೆ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಅಪ್ಪ ಬೇಡವೆಂದಾಗ ಹಟ ಹಿಡಿದು ನನ್ನನ್ನು ಎಂ.ಎ. ಓದಿಸಿದವನು ಇದೇ ಅಣ್ಣ. ಆ ಮಾತು ಯಾವ ಅಧ್ಯಾಯದಲ್ಲಿದೆ?

ಅಣ್ಣನಿಗೆ ಆಗಲೇ ಯಾರೋ ಓದಿ ಹೇಳಿದ್ದರು. ಅತ್ತಿಗೆ ಕಾಫಿ ಕೊಟ್ಟು ಒಳಗೆ ಹೋದರು. ನಾನು ಬಂದ ಕಾರಣ ಹೇಳಿದೆ.

"ಆ ಉಡುಗಿ ಸುಳ್ಳು ಬರ್ದವ್ಳಾ?" ಎಂದ.

ಇಲ್ಲ ಎಂದೆ.

"ನಂಗೂ ಗೊತ್ತು ಕಣಮ್ಮ, ನಿಜವೇ. ನಿಜ ಅಂತ ನೀನ್ಯಾಕೆ ಬರೀಬೇಕು? ಬ್ಯಾರೆ ಯಾರಾದ್ರೂ ಬರ್ಕೊಳ್ಳಿ ಬುಡು."

ಕೋಪ ಮಾಡಿಕೊಂಡಿದ್ದರೆ ಉತ್ತರ ಕೊಡುತ್ತಿದ್ದೆನೇನೋ. ಅವನು ಮೆಲ್ಲಗೆ ಕೇಳಿದ. ಮಗಳು ಅವ್ವನ ಬಗ್ಗೆ ಬರೆದಿದ್ದಾಳೆ, ತಂಗಿ ಅಣ್ಣನ ಬಗ್ಗೆ ಬರೆಯಬೇಕು. ನಮ್ಮಿಬ್ಬರಲ್ಲಿ ನಿಷ್ಪಕ್ಷಪಾತಿ ಯಾರು? ಕ್ಲಾಸಿನಲ್ಲಿ ಅಧಿಕಾರದ ವ್ಯಾಖ್ಯಾನ ಬರೆಸುವುದು ಸುಲಭ ಸ್ವಾಮಿ. ಆ ಅಧಿಕಾರವೇ ನಿಮಗೆ ಕಾಫಿ ಕೊಟ್ಟು ಕೂರಿಸಿದಾಗ?

ಕೊನೆಗೆ ಬರೆದೆ. ಆ ಹಿರಿಯರು ನನ್ನ ಅಣ್ಣ, ಅಲ್ಲಿ ಬರೆದಿರುವುದು ಸತ್ಯ ಎಂದು ಮೊದಲ ಪ್ಯಾರಾದಲ್ಲೇ ಹೇಳಿದೆ. ಆಕ್ಷೇಪವೂ ಇತ್ತು. ಆ ಮನೆಯ ಹೆಂಗಸರೂ ಬಾಗಿಲ ಹಿಂದೆ ನಿಂತೇ ಇದ್ದರು, ಅದನ್ನು ರಮ್ಯಾ ಕಂಡಿಲ್ಲ. ಸಂಪಾದಕರು ಫೋನ್ ಮಾಡಿ, ಯೋಚನೆ ಮಾಡಿದ್ದೀರಿ ತಾನೇ ಎಂದು ಕೇಳಿದರು. ಯೋಚನೆ ಬಿಟ್ಟು ಬೇರೇನು ಮಾಡಿದ್ದೆ?

ವಿಮರ್ಶೆ ಅಚ್ಚಾಯಿತು. ರಮ್ಯಾ ಥ್ಯಾಂಕ್ಸ್ ಹೇಳಲಿಲ್ಲ. ಅವ್ವನಿಗೆ ಓದಿ ಹೇಳಿದೆ, ಅವ್ವ ಅತ್ತಳು ಎಂದಷ್ಟೇ ಮೆಸೇಜ್ ಕಳಿಸಿದಳು. ಊರಿನಿಂದ ಸುದ್ದಿಯೇ ಇರಲಿಲ್ಲ. ಫೋನ್ ಸದ್ದಾದಾಗಲೆಲ್ಲ ಅಣ್ಣನೇನೋ ಎಂದು ನೋಡುತ್ತಿದ್ದೆ.

ನಿನ್ನೆ ಅಣ್ಣನೇ ಫೋನ್ ಮಾಡಿದ. ಓದಿದೆ ಎಂದ. ಹೇಗಿದೆ ಎನ್ನಲಿಲ್ಲ. "ಭಾನ್ವಾರ ಬಾ" ಎಂದು ಇಟ್ಟುಬಿಟ್ಟ.

ಕರೆದದ್ದು ಊಟಕ್ಕೋ, ಪಂಚಾಯ್ತಿಗೋ?