ನಾನೂರಿಪ್ಪತ್ತು ಮರ ಬಲ್ಲ ಸಿದ್ದಮ್ಮ

ಸಿದ್ದಮ್ಮನ ಹೆಸರಿನಲ್ಲಿ ಒಂದು ತೆಂಗಿನ ಮರವೂ ಇಲ್ಲ, ಒಂದು ಸಸಿ ನೆಡುವಷ್ಟು ನೆಲವೂ ಇಲ್ಲ.

ಬೆಳಗಿನ ಐದೂವರೆ. ಅರಳಗುಪ್ಪೆ ಪಕ್ಕದ ತೋಟದಲ್ಲಿ ಅವರು ಉದುರಿದ ಕಾಯಿ ಆಯುತ್ತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ, ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬೆ, ಅದರ ಮೇಲೆ ಮಂಕರಿ. ಮಂಕರಿಗೆ ಇಪ್ಪತ್ತು ಕಾಯಿ, ದಿನಕ್ಕೆ ಐದು ಮಂಕರಿ. ಯಾವ ಬುಡದಲ್ಲಿ ಎಷ್ಟು ಬಿದ್ದಿದೆ ಎಂದು ನೋಡಿಕೊಳ್ಳದೆ ಒಂದನ್ನೂ ಎತ್ತುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ಹೀಗೇ. ಇಲ್ಲಿನ ನಾನೂರಿಪ್ಪತ್ತು ಮರಗಳಲ್ಲಿ ಯಾವುದು ವರ್ಷಕ್ಕೆ ನೂರು ಕೊಡುತ್ತದೆ, ಯಾವುದು ಮೂವತ್ತಕ್ಕೇ ಸುಸ್ತಾಗುತ್ತದೆ ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಸಿದ್ದಮ್ಮನಿಗೆ ಗೊತ್ತು.

ಇವತ್ತು ಅದು ಮಾಲೀಕರಿಗೂ ಬೇಕಾಗಿದೆ. ದೊಡ್ಡ ಯಜಮಾನರು ತೀರಿಕೊಂಡು ಮೂರು ತಿಂಗಳು, ಮಕ್ಕಳಿಬ್ಬರು ಭಾಗವಾಗುತ್ತಿದ್ದಾರೆ. ಅಣ್ಣ ದಯಾನಂದ್‌ಗೆ ತಿಪಟೂರಿನಲ್ಲಿ ಹಾರ್ಡ್‌ವೇರ್ ಅಂಗಡಿ, ತಮ್ಮ ಭೀಮರಾಜು ಕಾಲೇಜಿನಲ್ಲಿ ಗುಮಾಸ್ತ. ಬಗ್ಗಿ ಕಾಯಿ ಎತ್ತಿದವರು ಇಬ್ಬರಲ್ಲಿ ಒಬ್ಬರೂ ಇಲ್ಲ. ನಡುವಿನ ಕಾಲುವೆಯೇ ಗಡಿ: ಮೂಡಲಿಗೆ ಇನ್ನೂರ ಹತ್ತು ಮರ, ಪಡುವಲಿಗೆ ಇನ್ನೂರ ಹತ್ತು. ಪಾಲು ಮಾಡುವುದು ಅಣ್ಣ, ಮೊದಲು ಆರಿಸಿಕೊಳ್ಳುವುದು ತಮ್ಮ. ಇದು ಊರಿನ ಪದ್ಧತಿ.

ಸಿದ್ದಮ್ಮನ ಮನೆ ಇರುವುದು ಮೂಡಲಲ್ಲಿ, ರಸ್ತೆಯ ಅಂಚಿಗೆ. ಗಂಡ ಹೋದ ಮೇಲೆ ಒಬ್ಬರೇ ಗೋಡೆ ಎತ್ತಿದ್ದು. "ಇರೋಗಂಟ ಇರು ಅಂದಿದ್ರು ದೊಡ್ಡ್ ಯಜಮಾನ್ರು. ಕಾಗದ ಕೇಳೋ ಬುದ್ಧಿ ನಂಗಿರ್ಲಿಲ್ಲ. ಬುದ್ಧಿ ಇದ್ದಿದ್ರೂ ಕೇಳೋ ಬಾಯಿರ್ಲಿಲ್ಲ" ಎನ್ನುತ್ತಾರೆ.

ಮೂಡಲು ತನಗೆ ಬಂದರೆ ಮರ ಕಡಿಸಿ ಸೈಟು ಮಾಡುತ್ತೇನೆಂದು ದಯಾನಂದ್ ಮೊದಲೇ ಹೇಳಿದ್ದಾರೆ. ಭೀಮರಾಜುಗೆ ತೋಟವೇ ಬೇಕು. "ನನ್ ಪಾಲಿಗೆ ಬಂದ್ರೆ ನಿನ್ ಮನೆ ಇರ್ಲಿ ಬುಡು" ಎಂದು ಅವರೂ ಮಾತು ಕೊಟ್ಟಿದ್ದಾರೆ.

ಎಂಟು ಗಂಟೆಗೆ ಪಡುವಲ ಕಡೆಗೆ ಕುರ್ಚಿಗಳು ಬರುತ್ತವೆ. ಊರಿನ ನಾಲ್ವರು ಹಿರಿಯರು ಕೂರುತ್ತಾರೆ. ಭೀಮರಾಜು ಎದ್ದು ಸಿದ್ದಮ್ಮನ ಹತ್ತಿರ ಬರುತ್ತಾರೆ.

"ಸಿದ್ದಕ್ಕ, ನಿಜ ಹೇಳು. ಯಾವ್ ಕಡೆ ಫಲ ಜಾಸ್ತಿ?"

"ಅವಳನ್ನೇನೋ ಕೇಳ್ತೀಯ?" ದಯಾನಂದ್ ಕುರ್ಚಿಯಿಂದಲೇ ನಗುತ್ತಾರೆ. "ಅವಳ ಮನೆ ಇರೋ ಕಡೆನೇ ಹೇಳ್ತಾಳೆ."

ಜೊತೆಯಲ್ಲಿ ಕಾಯಿ ಆಯುವ ರಂಗಕ್ಕ ಹಿಂದಿನಿಂದ ಸೊಂಟ ತಿವಿದು ಪಿಸುಗುಡುತ್ತಾರೆ: "ಮೂಡ್ಲು ಅನ್ನೇ."

ಅಂದರೆ ಸಾಕು. ಸುಳ್ಳೆಂದು ಗೊತ್ತಾಗಲು ಭೀಮರಾಜುಗೆ ಒಂದು ವರ್ಷ ಬೇಕು. ಅಷ್ಟರಲ್ಲಿ ಪತ್ರ ರಿಜಿಸ್ಟರ್ ಆಗಿರುತ್ತದೆ, ಮನೆ ನಿಂತಿರುತ್ತದೆ. ಸಿದ್ದಮ್ಮ ಮಂಕರಿ ಇಳಿಸುತ್ತಾರೆ. ಸಿಂಬೆ ತೆಗೆದು ಮುಖದ ಬೆವರು ಒರೆಸಿಕೊಳ್ಳುತ್ತಾರೆ.

"ಪಡುವ್ಲು ಕಣಪ್ಪ. ಮೂಡ್ಲು ಮರಕ್ಕೆ ವಯಸ್ಸಾಗದೆ, ಐವತ್ತು ದಾಟಲ್ಲ. ಈ ಕಡೆ ಎಂಬತ್ತಕ್ಕೆ ಕಮ್ಮಿ ಇಲ್ಲ."

ಭೀಮರಾಜು ಒಮ್ಮೆ ಆ ಮನೆಯ ಕಡೆ ನೋಡುತ್ತಾರೆ. ನೋಡಿಯೇ, "ನಂಗೆ ಪಡುವ್ಲು" ಎನ್ನುತ್ತಾರೆ. ಹಿರಿಯರ ಕೈಯ ಕಾಫಿ ಇನ್ನೂ ಆರಿಲ್ಲ.

"ಏನ್ ಮಾಡೋದು ಸಿದ್ದಕ್ಕ, ನಂಗೂ ಮಕ್ಕಳವೆ. ನಾಳೆಯಿಂದ ಈ ಕಡೆ ಕಾಯಿ ನೀನೇ ಆಯಿ."

ಕಾಲುವೆ ದಾಟುವವರೆಗೂ ರಂಗಕ್ಕ ಬೈಯುತ್ತಲೇ ಇರುತ್ತಾರೆ. "ಒಂದ್ ಮಾತು ಕಣೇ! ಅದ್ರಲ್ಲಿ ಅವರಪ್ಪನ ಗಂಟೇನ್ ಹೋಗ್ತಿತ್ತು?"

"ಅವರಪ್ಪ ಅವ್ರಿಗೆ ತೋಟ ಬಿಟ್ಟೋದ. ನಂಗ್ಯಾರು ಏನ್ ಬಿಟ್ಟೋದ್ರು? ಸಿದ್ದಿ ಹೇಳಿದ್ ಲೆಕ್ಕ ತಪ್ಪಲ್ಲ ಅಂತಾರಲ್ಲ, ಅದೊಂದು ನಾನೇ ಮಾಡ್ಕಂಡಿದ್ದು. ಅದ್ನೂ ಅವ್ರ ಕಾಲ್ಕೆಳಗೆ ಹಾಕ್ಲಾ?"

"ಹಂಗಾದ್ರೆ ಅದ್ರೊಳಗೇ ಮಲ್ಕೊ ಹೋಗು."

"ನಿನ್ ಜಗಲಿ ಐತಲ್ಲ."

ರಂಗಕ್ಕ ಬೈಗುಳ ನಿಲ್ಲಿಸುತ್ತಾರೆ.

ಹನ್ನೆರಡನೆಯ ದಿನ ಜೆಸಿಬಿ ಬರುತ್ತದೆ. ಸಿದ್ದಮ್ಮ ಪಡುವಲಲ್ಲಿ ಮೂರನೆಯ ಮಂಕರಿ ತುಂಬುತ್ತಿದ್ದಾರೆ. ಶಬ್ದ ಕೇಳಿದರೂ ತಿರುಗುವುದಿಲ್ಲ. ಮಧ್ಯಾಹ್ನದೊಳಗೆ ಹೋದದ್ದು ಎರಡು ಕೋಣೆ, ಒಂದು ಬಚ್ಚಲು, ಒಂದು ನುಗ್ಗೆ ಮರ. ಮೊದಲೇ ಬಿಚ್ಚಿಟ್ಟಿದ್ದ ಚಾವಣಿಯ ಹದಿನಾರು ಶೀಟುಗಳಲ್ಲಿ ಬಿಚ್ಚುವಾಗಲೇ ಒಡೆದದ್ದು ಒಂಬತ್ತು, ಉಳಿದ ಏಳು ರಂಗಕ್ಕನ ಜಗಲಿಯ ಮೇಲಿವೆ.