ಗಿಟಾರ್ ವಾದಕರ ಉಗುರಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬೀದಿಯ ಕೊನೆಯ ಬ್ಯೂಟಿ ಪಾರ್ಲರಿನ ಶಟರ್ ಅರ್ಧ ಮೇಲೇರಿದೆ. ಒಳಗೆ ಮೇಜಿನ ದೀಪದ ಕೆಳಗೆ ಒಬ್ಬ ಯುವಕ ಬಲಗೈ ಚಾಚಿ ಕೂತಿದ್ದಾನೆ. ರಾತ್ರಿಯಿಡೀ ಬಸ್ಸಿನಲ್ಲಿ ಬಂದವನು. ಇಳಿಯುವ ಗಡಿಬಿಡಿಯಲ್ಲಿ ಉಂಗುರದ ಬೆರಳಿನ ಉಗುರು ಸೂಟ್‌ಕೇಸಿನ ಜಿಪ್ಪಿಗೆ ಸಿಕ್ಕಿ ಬುಡದವರೆಗೆ ಸೀಳಿದೆ. ಹತ್ತು ಗಂಟೆಗೆ ಸಭಾಂಗಣದಲ್ಲಿ ಅವನ ಗಿಟಾರ್ ಕಛೇರಿ. ಮುಖದಲ್ಲಿ ರಕ್ತವೇ ಇಲ್ಲ.

"ಅಕ್ಕಾ, ಸರಿ ಹೋಗುತ್ತಾ?"

"ಹೋಗಿರೋದು ಉಗುರು ತಾನೇ, ತಲೆ ಅಲ್ವಲ್ಲ. ಕೈ ಅಲ್ಲಾಡಿಸಬೇಡಪ್ಪ."

ಎದುರಿಗೆ ಕೂತ ಐವತ್ತರ ಆಸುಪಾಸಿನ ಹೆಂಗಸು ಸೀಳನ್ನು ಹತ್ತಿಯಿಂದ ಒರೆಸುತ್ತಾರೆ. ಉಗುರಿಗಿಂತ ಚಿಕ್ಕದಾದ ರೇಷ್ಮೆ ಬಟ್ಟೆಯ ಚೂರೊಂದನ್ನು ಚಿಮುಟದಲ್ಲಿ ಎತ್ತಿ ಅದರ ಮೇಲೆ ಕೂರಿಸುತ್ತಾರೆ. ಮೇಲೊಂದು ಹನಿ ಅಂಟು. ಉಸಿರು ಬಿಗಿಹಿಡಿದು ಕಾಯುತ್ತಾರೆ. ಆಮೇಲೆ ಒರಟು ಅರ, ನುಣುಪು ಅರ, ಕೊನೆಗೆ ಪೇಪರಿನಷ್ಟು ತೆಳುವಾದ ಉಜ್ಜುಹಾಳೆ. ಹುಡುಗ ಗಿಟಾರ್ ಎತ್ತಿ ಒಂದು ತಂತಿ ಮೀಟುತ್ತಾನೆ. ಸಣ್ಣಗೆ ಕರಕರ ಎನ್ನುತ್ತದೆ. "ಎಡಗಡೆ ಅಂಚು," ಎನ್ನುತ್ತಾ ಮತ್ತೆ ಅವನ ಕೈ ಎಳೆದುಕೊಳ್ಳುತ್ತಾರೆ. ಮೂರನೇ ಸಲ ಮೀಟಿದಾಗ ನಾದ ದುಂಡಗೆ ಹೊಮ್ಮುತ್ತದೆ. ಹುಡುಗನ ಮುಖಕ್ಕೆ ಬಣ್ಣ ಮರಳುತ್ತದೆ.

ಇವರ ನಿಜವಾದ ಹೆಸರು ಸಂಗೀತಗಾರರ ಪೈಕಿ ಹೆಚ್ಚಿನವರಿಗೆ ಗೊತ್ತಿಲ್ಲ. ಎಲ್ಲರಿಗೂ ಇವರು 'ಉಗುರಕ್ಕ'. ನೈಲಾನ್ ತಂತಿಯ ಗಿಟಾರನ್ನು ಬರಿಬೆರಳಲ್ಲಿ ನುಡಿಸುವವರಿಗೆ ಬಲಗೈಯ ನಾಲ್ಕು ಉಗುರುಗಳೇ ಬಂಡವಾಳ. ಬೆರಳಿನ ಮಾಂಸ ತಂತಿಯನ್ನು ಸವರುತ್ತದೆ, ಉಗುರು ಅದನ್ನು ಚಿಮ್ಮಿಸುತ್ತದೆ. ಆ ಚಿಮ್ಮು ಇಲ್ಲದಿದ್ದರೆ ಕೊನೆಯ ಸಾಲಿಗೆ ನಾದ ಮುಟ್ಟುವುದಿಲ್ಲ. ಉಗುರು ಮುರಿಯುವುದಕ್ಕೋ ಹೊತ್ತುಗೊತ್ತಿಲ್ಲ. ಕಾರಿನ ಬಾಗಿಲು, ಅಂಗಿಯ ಗುಂಡಿ, ಅಭಿಮಾನಿಯ ಕೈಕುಲುಕು, ಯಾವುದೂ ಆದೀತು. ಅಂಥ ಹೊತ್ತಿನಲ್ಲಿ ಸಭಾಂಗಣದ ಹಿಂಬಾಗಿಲಿಂದ ಇವರಿಗೆ ಫೋನ್ ಬರುತ್ತದೆ. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂತಾರಲ್ಲ, ಇವರಿಗೆ ಉಗುರು ಹೋದರೇ ಕೊಡಲಿ ಏಟು ಬಿದ್ದ ಹಾಗೆ," ಎಂದು ಪತ್ರಿಕೆಗೆ ಬರೆಯಲು ಬಂದ ನಮ್ಮ ಮುಂದೆ ನಗುತ್ತಾರೆ.

ಈ ಊರಿನ ಗಿಟಾರ್ ಪ್ರಿಯರು ನಾಲ್ವರು ಸೇರಿದರೆ ಸಾಕು, ಮರೆಯಲಾಗದ ಕಛೇರಿ ಯಾವುದೆಂಬ ಜಗಳ ಶುರುವಾಗುತ್ತದೆ. ಕೆಲವರಿಗೆ ಮೇಷ್ಟ್ರದ್ದು. ಊರಿನ ಅರ್ಧದಷ್ಟು ವಾದಕರಿಗೆ ಪಾಠ ಹೇಳಿದ ಆ ಹಿರಿಯರು ಒಮ್ಮೆ ವಿರಾಮದ ನಂತರ ಕೂತವರು ಏಳಲೇ ಇಲ್ಲ. ಜನ ಬಿಡಲಿಲ್ಲ, ಅವರೂ ದಣಿಯಲಿಲ್ಲ. ಇನ್ನು ಕೆಲವರಿಗೆ ಹೊರದೇಶದಿಂದ ಬಂದ ವಾದಕಿಯದ್ದು. ಕರೆಂಟು ಹೋದಾಗ ಆಕೆ ಕುರ್ಚಿ ಹೊತ್ತು ವೇದಿಕೆ ಇಳಿದು, ಕತ್ತಲಲ್ಲೇ ಜನರ ನಡುವೆ ಕೂತು ಮೈಕಿಲ್ಲದೆ ನುಡಿಸಿದ್ದರು. ಮೇಷ್ಟ್ರ ಹೆಬ್ಬೆರಳ ಉಗುರು ಅವತ್ತು ವಿರಾಮಕ್ಕೆ ಮೊದಲೇ ಮುರಿದುಹೋಗಿತ್ತೆಂದೂ, ಆಮೇಲೆ ನುಡಿದದ್ದು ಟೇಬಲ್ ಟೆನ್ನಿಸ್ ಚೆಂಡಿನಿಂದ ಕತ್ತರಿಸಿ ಅಂಟಿಸಿದ ಚೂರೆಂದೂ ಜಗಳವಾಡುವವರಿಗೆ ಗೊತ್ತಿಲ್ಲ. ಆ ವಾದಕಿಯ ಎರಡು ಬೆರಳಲ್ಲಿದ್ದದ್ದೂ ಇದೇ ಪಾರ್ಲರಿನ ರೇಷ್ಮೆ.

"ಚೆಂಡಿನ ಬಾಗು, ಉಗುರಿನ ಬಾಗು ಎರಡೂ ಒಂದೇ. ಅದನ್ನ ಕಂಡುಹಿಡಿದವಳು ನಾನಲ್ಲ, ನನ್ನ ತಂಗಿ," ಎನ್ನುತ್ತಾರೆ ಉಗುರಕ್ಕ. ಅಲ್ಲಿಂದ ಮಾತು ನಿಧಾನವಾಗುತ್ತದೆ.

ತಂಗಿ ಇವರಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಮನೆಯಲ್ಲಿ ಎಲ್ಲರ ಬಾಯಲ್ಲೂ ಪುಟ್ಟಿ. ಅಮ್ಮ ಹೊಲಿಗೆ ಮಾಡುತ್ತಿದ್ದರು. ಅಪ್ಪ ಬೇಗ ತೀರಿಕೊಂಡಿದ್ದರು. ಪುಟ್ಟಿ ಶಾಲೆಯಲ್ಲಿ ಗಿಟಾರ್ ಹಿಡಿದವಳು ಬಿಡಲೇ ಇಲ್ಲ, ಮೇಷ್ಟ್ರ ಬಳಿ ಸೇರಿದಳು. ಪಾತ್ರೆ ತಿಕ್ಕಿದರೆ ಉಗುರು ಮೆತ್ತಗಾಗಿ ಮುರಿಯುತ್ತದೆಂದು ಅಕ್ಕ ಅವಳನ್ನು ಸಿಂಕಿನ ಹತ್ತಿರವೂ ಸುಳಿಯಗೊಡಲಿಲ್ಲ. "ನನ್ನನ್ನ ಮಹಾರಾಣಿ ಮಾಡಿ ಕೂರಿಸಿ ನೀನು ಕೆಲಸದವಳಾಗ್ತೀಯ," ಎಂದು ಪುಟ್ಟಿ ಗೊಣಗುತ್ತಿದ್ದಳು. ಮುರಿದ ಉಗುರನ್ನು ಇವರು ಪಾರ್ಲರಿನಲ್ಲಿ ಕಲಿತ ವಿದ್ಯೆಯಿಂದ ಕೂಡಿಸಿಕೊಡುತ್ತಿದ್ದರು. ಒಂದು ದಿನ ಅದನ್ನು ನೋಡಿದ ಮೇಷ್ಟ್ರು, "ನನಗೂ ಒಂದು ಮಾಡಿಕೊಡು ತಾಯಿ," ಎಂದು ಕೈ ಚಾಚಿದರು. ಕೆಲಸ ಬಾಯಿಂದ ಬಾಯಿಗೆ ಹರಡಿತು.

ಪುಟ್ಟಿಗೆ ಇಪ್ಪತ್ತೇಳು ತುಂಬಿದ ವರ್ಷ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕಿತ್ಸೆಯಿಂದ ಮೊದಲು ಕೂದಲು ಹೋಯಿತು. ಅದಕ್ಕೆ ಅವಳು ಅಳಲಿಲ್ಲ. ಟೋಪಿ ಹಾಕಿಕೊಂಡು ಕನ್ನಡಿ ಮುಂದೆ ಕುಣಿದಳು. ಆಮೇಲೆ ಉಗುರುಗಳು ಕಪ್ಪಗಾಗಿ, ಬುಡ ಸಡಿಲವಾಗಿ ಅಲ್ಲಾಡತೊಡಗಿದವು. ಅವತ್ತು ಬಚ್ಚಲುಮನೆಯ ಬಾಗಿಲು ಹಾಕಿಕೊಂಡವಳು ತುಂಬ ಹೊತ್ತು ಹೊರಗೆ ಬರಲಿಲ್ಲ.

ಆ ಹೊತ್ತಿಗೇ ಮೇಷ್ಟ್ರು ಒಂದು ಮಾತು ಕೊಟ್ಟಿದ್ದರು: ಮುಂದಿನ ತಿಂಗಳ ತಮ್ಮ ಕಛೇರಿಯಲ್ಲಿ ಮೊದಲ ಅರ್ಧ ಗಂಟೆ ಪುಟ್ಟಿಯದು. ದೊಡ್ಡ ಸಭಾಂಗಣದಲ್ಲಿ ಒಬ್ಬಳೇ ಕೂತು ನುಡಿಸುವುದು ಅವಳ ಬಹುದಿನದ ಆಸೆ. ಅಕ್ಕನ ಮುಂದೆ ಕೈ ಚಾಚಿ ಕೂತಳು: "ಹಾಕಿಕೊಡು."

ಅಂಟು, ಬಣ್ಣ ಏನೂ ಸೋಕಿಸಬೇಡಿ, ಸೋಂಕು ತಗುಲಿದರೆ ತಡೆದುಕೊಳ್ಳುವ ಶಕ್ತಿ ದೇಹಕ್ಕಿಲ್ಲ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅಕ್ಕ ಆಗುವುದಿಲ್ಲ ಎಂದರು.

"ಊರವರಿಗೆಲ್ಲ ಹಾಕ್ತೀಯ. ನನಗೆ ಹಾಕಲ್ವಾ?"

"ಊರವರು ಸತ್ತರೆ ನಾನು ಬದುಕ್ತೀನಿ ಕಣೇ. ನೀನು ಹೋದರೆ ನಾನೇನು ಮಾಡಲಿ?"

"ಹೋಗೋದು ಹೇಗೂ ಹೋಗ್ತೀನಿ. ನುಡಿಸಿ ಹೋಗ್ತೀನಿ."

ಆ ಮಾತು ಹೇಳುವಾಗ ಉಗುರಕ್ಕ ಅರ ತೊಳೆಯುತ್ತಿದ್ದಾರೆ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಾರೆ. "ಆಮೇಲೆ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟದ ತಟ್ಟೆ ಇಟ್ಟರೆ ಗೋಡೆ ಕಡೆ ತಿರುಗಿಕೊಳ್ಳೋಳು. ಐದನೇ ದಿನ ಒಳಗಿಂದ ಗಿಟಾರ್ ಸದ್ದು ಬಂತು. ತುಂಬಾ ಸಣ್ಣಗೆ. ಇಣುಕಿ ನೋಡಿದೆ. ಉಗುರನ್ನ ತಂತಿಗೆ ತಾಗಿಸದೆ, ಬೆರಳ ಮೆತ್ತೆಯಲ್ಲೇ ನುಡಿಸೋದು ಕಲೀತಿದ್ದಳು. ಹಾಸಿಗೆ ಮೇಲೆ ಕೂತೇ, ಮೊದಲನೇ ಪಾಠದಿಂದ."

ಕಛೇರಿಯ ಸಂಜೆ ಮೇಷ್ಟ್ರು ಫ್ಯಾನುಗಳನ್ನೆಲ್ಲ ಆರಿಸಿದರು. ಮೈಕನ್ನು ತಾವೇ ಗಿಟಾರಿನ ಹತ್ತಿರಕ್ಕೆ ಸರಿಸಿದರು. ಬೆವರೊರೆಸಿಕೊಳ್ಳುತ್ತಾ ಕೂತ ಜನಕ್ಕೆ ಕಾರಣ ತಿಳಿಯದು. ಟೋಪಿ ಹಾಕಿದ ತೆಳ್ಳನೆಯ ಹುಡುಗಿಯೊಬ್ಬಳು ಬಂದು ಕೂತದ್ದಷ್ಟೇ ಕಂಡಿತು. ಪರದೆಯ ಮರೆಯಲ್ಲಿ ಅಕ್ಕ ಹತ್ತಿ, ಔಷಧಿ ಹಿಡಿದು ನಿಂತಿದ್ದರು. ಕಣ್ಣು ಆ ನಾಲ್ಕು ಬೆರಳುಗಳ ಮೇಲೆಯೇ. ನಡುವೆಲ್ಲೋ ಉಂಗುರದ ಬೆರಳಿನ ಉಗುರು ತಂತಿಗೆ ಸಿಕ್ಕಿ ಮೇಲೆದ್ದಿತು. ರಕ್ತದ ಗೆರೆಯೊಂದು ಗಿಟಾರಿನ ಮೈಮೇಲೆ ಇಳಿಯಿತು. ಇವರು ಒಂದು ಹೆಜ್ಜೆ ಮುಂದಿಟ್ಟೇಬಿಟ್ಟರು. ಪುಟ್ಟಿ ತಲೆ ಎತ್ತದೆಯೇ ಬೇಡ ಎಂಬಂತೆ ಕತ್ತು ಅಲ್ಲಾಡಿಸಿದಳು. ಆ ಬೆರಳನ್ನು ಬಿಟ್ಟು ಉಳಿದವುಗಳಲ್ಲೇ ಮುಗಿಸಿದಳು.

ಮುಗಿದ ಮೇಲೆ ಚಪ್ಪಾಳೆ ತಕ್ಷಣ ಬರಲಿಲ್ಲವಂತೆ. ಬಂದ ಮೇಲೆ ನಿಲ್ಲಲಿಲ್ಲವಂತೆ.

"ಒಳಗೆ ಬಂದು, ಹೇಗಿತ್ತಕ್ಕ ಅಂತ ಕೇಳಿದಳು. ನಾನು, ಮೊದಲು ಬೆರಳು ತೋರಿಸು ಅಂದೆ. ನಕ್ಕುಬಿಟ್ಟಳು. ನಾಲ್ಕು ದಿನದ ಸಿಟ್ಟು ಆಗ ಕರಗಿತು ಅಂದುಕೊಂಡೆ. ಮನೆಗೆ ಬರುವಾಗ ನನ್ನ ಭುಜದ ಮೇಲೆ ತಲೆ ಇಟ್ಟು ನಿದ್ದೆ ಮಾಡಿದಳು."

ಎರಡು ತಿಂಗಳಲ್ಲಿ ಪುಟ್ಟಿ ಹೋದಳು. ಬೆರಳಿಂದ ಸೋಂಕೇನೂ ತಗುಲಿರಲಿಲ್ಲ, ಕಾಯಿಲೆಯೇ ಮುಗಿಸಿತು ಎಂದು ಡಾಕ್ಟರು ಹೇಳಿದರು. ಅದನ್ನು ಇವರು ಅವರ ಬಾಯಿಂದ ಮೂರು ಸಲ ಹೇಳಿಸಿಕೊಂಡರು. ಅಮ್ಮನೂ ಮರುವರ್ಷ ಹಿಂದೆಯೇ ನಡೆದರು.

ಕೆಲಸ ಬಿಡಬೇಕೆಂದಿದ್ದರು, ಬಿಡಲಾಗಲಿಲ್ಲ. ಹಿಂಬಾಗಿಲಿಂದ ಫೋನ್ ಬಂದರೆ ಇಂದಿಗೂ ಓಡುತ್ತಾರೆ. ಆದರೆ ಉಗುರು ಒಣಗಿದ ಕೂಡಲೇ ಪೆಟ್ಟಿಗೆ ಮುಚ್ಚಿ ಹೊರಟುಬಿಡುತ್ತಾರೆ. ಅದಾದ ಹದಿನಾರು ವರ್ಷಗಳಲ್ಲಿ ಒಂದು ಕಛೇರಿಯನ್ನೂ ಕೂತು ಕೇಳಿಲ್ಲ. ಈ ಬೆಳಿಗ್ಗೆಯ ಹುಡುಗ ಕೊಟ್ಟ ಪಾಸನ್ನು ಎದುರಿನ ಔಷಧಿ ಅಂಗಡಿಯವರಿಗೆ ದಾಟಿಸಿದ್ದಾರೆ.

ಮೇಷ್ಟ್ರಿಗೆ ಈಗ ಕೈ ನಡುಗುತ್ತದೆ, ನುಡಿಸುವುದಿಲ್ಲ. ಆದರೂ ವಾರಕ್ಕೊಮ್ಮೆ ಬಂದು ಉಗುರು ಉಜ್ಜಿಸಿಕೊಂಡು ಹೋಗುತ್ತಾರೆ. ತಾವು ಕೇಳಿದ ಕಛೇರಿಗಳಲ್ಲೆಲ್ಲ ಪುಟ್ಟಿಯದ್ದೇ ದೊಡ್ಡದು ಎಂದು ಅವರು ಕಂಡವರಿಗೆಲ್ಲ ಹೇಳುತ್ತಾರೆ. ಉಗುರಕ್ಕನಿಗೆ ಅದೇ ಸಂಕಟ.

"ನಾನು ಅಲ್ಲೇ ಇದ್ದೆ, ಎಲ್ಲರಿಗಿಂತ ಹತ್ತಿರ. ಆದರೆ ನನಗೆ ಏನೂ ಕೇಳಿಸಲಿಲ್ಲ. ಬೆರಳು ನೋಡ್ತಾ ಇದ್ದೆ, ರಕ್ತ ನೋಡ್ತಾ ಇದ್ದೆ. ಯಾವ ರಾಗ, ಎಲ್ಲಿ ಮೆಲ್ಲಗಾಯ್ತು, ಎಲ್ಲಿ ಏರಿತು, ಒಂದೂ ನೆನಪಿಲ್ಲ. ರೆಕಾರ್ಡ್ ಮಾಡೋರು ಮೇಷ್ಟ್ರದ್ದು ಶುರುವಾದ ಮೇಲೆ ಬಂದರಂತೆ. ಮೇಷ್ಟ್ರನ್ನ ಕೇಳಿದರೆ, ಅವತ್ತಿನ ಮೌನ ಚೆನ್ನಾಗಿತ್ತು ತಾಯಿ ಅಂತಾರೆ. ದೊಡ್ಡೋರ ಮಾತು. ಮೌನ ಇಟ್ಕೊಂಡು ನಾನೇನು ಮಾಡಲಿ?"

ಬೀದಿಯಲ್ಲಿ ಹಾಲಿನ ಗಾಡಿ ಹಾದುಹೋಗುತ್ತದೆ. ಅವರು ಎದ್ದು ಶಟರನ್ನು ಪೂರ್ತಿ ಮೇಲಕ್ಕೆತ್ತುತ್ತಾರೆ. ಪತ್ರಿಕೆಯಲ್ಲಿ ಏನಾದರೂ ಬರೆಯುವುದಾದರೆ ಇಷ್ಟು ಬರೆಯಿರಿ ಎನ್ನುತ್ತಾರೆ:

"ಆ ಸಂಜೆ ಅಲ್ಲಿ ಕೂತಿದ್ದವರು ಯಾರಾದರೂ ಒಬ್ಬರು ಇಲ್ಲಿಗೆ ಬರಲಿ. ಚೆನ್ನಾಗಿತ್ತು ಅಂತ ಹೇಳೋದು ಬೇಡ, ಅದು ಗೊತ್ತು. ಅವಳು ಏನೇನು ನುಡಿಸಿದಳು, ಹೇಗೆ ನುಡಿಸಿದಳು ಅಂತ ಮೊದಲಿಂದ ಹೇಳಲಿ. ಹಾಡೋಕೆ ಬಂದರೆ ಹಾಡಲಿ, ಬರದಿದ್ದರೆ ಗುನುಗಲಿ. ನಾನು ಕೆಲಸ ನಿಲ್ಲಿಸಿ ಕೂತು ಕೇಳ್ತೀನಿ."