ಕತ್ತರಿ ನನ್ನ ಜೇಬಿನಲ್ಲಿತ್ತು

ರುದ್ರಪ್ಪಣ್ಣ, ಆ ಲಾರಿ ಡ್ರೈವರ್ ಸತ್ತದ್ದು ನಿಮ್ಮಿಂದಲ್ಲ, ನನ್ನಿಂದ. ನಾನು ಅವನ ಮೈಯನ್ನು ಪೂರ್ತಿ ನೋಡಿರಲಿಲ್ಲ. ನೋಡಿದ್ದೇನೆ ಎಂದು ನಿಮಗೆ ಸುಳ್ಳು ಹೇಳಿದೆ — ಫಾರಂ ಮೇಲೂ ಹಾಗೆಯೇ ಬರೆದು ಸಹಿ ಹಾಕಿದೆ.

ಗಣಿ ಕೆಲಸ ಜೋರಾಗಿದ್ದ ವರ್ಷಗಳವು. ಹೊಸಪೇಟೆಯ ತರಬೇತಿ ಶಾಲೆಯೊಂದರಲ್ಲಿ ಪ್ಯಾರಾಮೆಡಿಕ್ ಕೋರ್ಸ್ ಓದುತ್ತಿದ್ದ ನನ್ನನ್ನು ಸಂಡೂರು ಕಡೆಯ ಗಣಿಯ ಆಂಬುಲೆನ್ಸಿಗೆ ಮೂರು ತಿಂಗಳು ಹಾಕಿದ್ದರು. ನೀವು ಅದರ ಡ್ರೈವರ್. ಶಾಲೆಯಲ್ಲಿ ಮೇಡಂ ದಿನಾ ಒಂದೇ ಮಾತು ಹೇಳುತ್ತಿದ್ದರು: ಬಟ್ಟೆ ಕತ್ತರಿಸಿ, ತಲೆಯಿಂದ ಕಾಲಿನವರೆಗೆ ಕೈಯಾಡಿಸಿ, ಆಮೇಲೆ ಗಾಡಿ ಹೊರಡಿಸಿ. ರಬ್ಬರಿನ ಗೊಂಬೆಯ ಮೇಲೆ ಅದನ್ನು ನಾನು ಎಲ್ಲರಿಗಿಂತ ಬೇಗ ಮಾಡುತ್ತಿದ್ದೆ. ಆ ಬಗ್ಗೆ ಸ್ವಲ್ಪ ಕೊಬ್ಬೂ ಇತ್ತು.

ಅವತ್ತು ಮಧ್ಯಾಹ್ನ ಹಿರಿಯ ಟೆಕ್ನಿಷಿಯನ್ ರಜೆ. ಗಾಡಿಯಲ್ಲಿ ನಾವಿಬ್ಬರೇ. ಎರಡು ಅದಿರು ಲಾರಿಗಳ ನಡುವೆ ಸಿಕ್ಕಿಬಿದ್ದಿದ್ದ ಬಂಡ್ರಿ ಊರಿನ ಆ ಡ್ರೈವರನ್ನು ಹೊರಗೆಳೆದು ಮಲಗಿಸಿದ್ದರು. ಬಲಗೈ ಮುರಿದು ಸೊಟ್ಟಗಾಗಿತ್ತು. ಪ್ಯಾಂಟು ತೊಡೆಯ ಹತ್ತಿರ ಒದ್ದೆಯಾಗಿತ್ತು — ಅದೂ ನನಗೆ ಕಂಡಿತ್ತು. ಧೂಳು ಏಳದಿರಲೆಂದು ಟ್ಯಾಂಕರ್ ಆಗಷ್ಟೇ ರಸ್ತೆಗೆ ನೀರು ಹೊಡೆದಿತ್ತು. ಅವನು ಬಿದ್ದದ್ದು ಆ ಕೆಂಪು ಕೆಸರಿನಲ್ಲಿ. ಅಲ್ಲಿ ಯಾರ ಪ್ಯಾಂಟು ಕೆಂಪಗಿರಲಿಲ್ಲ? ಕೆಸರು ಎಂದುಕೊಂಡೆ. ಅಲ್ಲ — ಕೆಸರೇ ಆಗಿರಲಿ ಎಂದುಕೊಂಡೆ. ಸುತ್ತ ಅಷ್ಟೊಂದು ಗಂಡಸರು ನಿಂತಿದ್ದರು. ಅವರ ಎದುರು ಗಂಡಸೊಬ್ಬನ ಪ್ಯಾಂಟು ಕತ್ತರಿಸಲು ನನಗೆ ನಾಚಿಕೆಯಾಯಿತು. ಗಾಡಿಯೊಳಗೆ ಯಾರೂ ನೋಡುತ್ತಿರಲಿಲ್ಲ. ಆಗಲೂ ಕತ್ತರಿ ತೆಗೆಯಲಿಲ್ಲ.

“ಮೈಯೆಲ್ಲಾ ನೋಡಿಯೇನವಾ?” ಎಂದು ಮುಂದಿನ ಸೀಟಿನಿಂದ ಕೇಳಿದಿರಿ.

“ನೋಡೀನಣ್ಣ. ಕೈ ಒಂದ ಮುರದೈತಿ. ಕುಲುಕಿದ್ರ ನೋವಾಕ್ಕತಿ, ನಿಧಾನಕ್ಕ ಹೋಗ್ರಿ.”

ನೀವು ನಿಧಾನಕ್ಕೆ ಹೋದಿರಿ. ಸೈರನ್ ಹಾಕಿ ರಾಂಗ್ ಸೈಡಿನಲ್ಲಿ ನುಗ್ಗುವುದು ನಿಮಗೆ ಗೊತ್ತಿತ್ತು. ನನ್ನ ಮಾತು ನಂಬಿ ಲಾರಿಗಳ ಸಾಲಿನಲ್ಲೇ ನಿಂತಿರಿ. ಹಿಂದೆ ಅವನು ನೀರು ಕೇಳಿದ. ಮತ್ತೆ ಕೇಳಿದ. ಆಕಳಿಸಿದ. ಹಣೆ ತಣ್ಣಗೆ ಬೆವರಿತ್ತು. ಮೈಯಿಂದ ರಕ್ತ ಹೋಗುತ್ತಿದ್ದರೆ ಹೀಗಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು ನಾನು. ಕೊನೆಗೆ ಅವನ ತೊಡೆಯ ಮೇಲೆ ಕೈಯಿಟ್ಟೆ. ಆ ಒದ್ದೆ ಬೆಚ್ಚಗಿತ್ತು. ಒತ್ತಿ ಹಿಡಿದು, ಜಲ್ದಿ ಹೋಗ್ರಿ ಎಂದು ಕೂಗಿದೆ — ಆದರೆ ಅಷ್ಟರಲ್ಲಿ...

ಆಸ್ಪತ್ರೆಯ ಗೇಟಿನ ಹತ್ತಿರ, ಅವನು ಸತ್ತ ಮೇಲೆ, ನಾನು ಪ್ಯಾಂಟು ಕತ್ತರಿಸಿದೆ. ಮೊದಲೇ ಕತ್ತರಿಸಿದ್ದೆ ಎಂದು ಕಾಣಲಿ ಅಂತ. ಸ್ಥಳದಲ್ಲೇ ಪೂರ್ತಿ ಪರೀಕ್ಷಿಸಲಾಗಿದೆ, ರಕ್ತಸ್ರಾವ ದಾರಿಯಲ್ಲಿ ಶುರುವಾಯಿತು ಎಂದು ಫಾರಂ ತುಂಬಿದೆ.

ವಿಚಾರಣೆಯಲ್ಲಿ ಯಾಕೆ ತಡವಾಯಿತು ಎಂದು ಕೇಳಿದಾಗ ನೀವು ತಲೆ ತಗ್ಗಿಸಿ ನಿಂತಿರಿ. ನಿಧಾನಕ್ಕೆ ಹೋಗಿ ಎಂದವಳು ಪಕ್ಕದಲ್ಲೇ ಇದ್ದಳು. ಕಲಿಯುವ ಹುಡುಗಿ ಎಂದು ನನ್ನ ಹೆಸರು ಎತ್ತಲಿಲ್ಲವೋ ಏನೋ. ನಿಮ್ಮ ಕೆಲಸ ಹೋಯಿತು. ನಾನು ಪಾಸಾದೆ.

ಹೋದ ತಿಂಗಳು ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಹೆಂಡತಿ ಸಿಕ್ಕಿದ್ದರು. ಗಣಿಯಲ್ಲಿದ್ದವಳು ಎಂದಷ್ಟೇ ಹೇಳಿಕೊಂಡೆ, ಅವತ್ತು ಆ ಗಾಡಿಯಲ್ಲಿದ್ದವಳು ಎಂದು ಹೇಳಲಿಲ್ಲ. ನೀವು ಅವತ್ತಿನಿಂದ ಯಾವ ಗಾಡಿಯ ಸ್ಟೇರಿಂಗನ್ನೂ ಮುಟ್ಟಿಲ್ಲವಂತೆ. “ಆ ಹುಡುಗಿ ತನ್ನ ಕೆಲಸ ಸರಿಯಾಗಿ ಮಾಡಿದ್ಲು, ನಾನ ಕೊಂದೆ ಅಂತಾರವಾ,” ಎಂದರು. ಬಸ್ಸು ಬಂತು, ಹತ್ತಿಬಿಟ್ಟೆ. ಇಷ್ಟು ವರ್ಷಗಳಾದ ಮೇಲೂ ನಾನು ಅಂಥವಳೇ.

ಈ ಭಾನುವಾರ ಮರಿಯಮ್ಮನಹಳ್ಳಿಯ ನಿಮ್ಮ ಮನೆಗೆ ಬಂದು, ಇಷ್ಟನ್ನೂ ನಿಮ್ಮ ಹೆಂಡತಿಯ ಎದುರೇ ನಿಮಗೆ ಹೇಳುತ್ತೇನೆ. ಆಮೇಲೆ ಬಂಡ್ರಿಯಲ್ಲಿ ಆ ಮನುಷ್ಯನ ಮನೆಗೂ ಹೋಗಬೇಕು. ಅವನ ಹೆಸರನ್ನು ಫಾರಂ ಮೇಲೆ ನನ್ನ ಕೈಯಾರೆ ಬರೆದಿದ್ದೆ, ಈಗ ನೆನಪಿಲ್ಲ. ನಿಮಗೆ ನೆನಪಿರುತ್ತದೆ. ಅದನ್ನು ನಿಮ್ಮನ್ನೇ ಕೇಳಬೇಕಾಗಿದೆ.